ಸ್ಪೀಡ್ ಕೇಳಬೇಡಿ, ಸೀಮ್ ತೋರಿಸಿ ಅನ್ನಿ: ನಮ್ಮ ಸ್ಲೀವ್ ಮಷೀನ್‌ಗಳ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಸ್ಲೀವ್ ಲೇಬಲ್‌ನ ಅಂಚು ಅಂಟಿಸುವ ಸೀಮಿಂಗ್ ಮಷೀನ್ ಒಳ್ಳೆಯದೇ. ಆದರೆ ಮಾರುವವರು ಯಾವ ಗುಣ ಹೇಳಿ ಮಾರುತ್ತಾರೋ ಆ ಗುಣಕ್ಕೆ ಅಲ್ಲ. ಬ್ರೋಷರ್‌ನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ನಿಮಿಷಕ್ಕೆ 300 ಮೀಟರ್ ಅಂತ ಇದೆ. ನಮ್ಮ ಶೆಡ್‌ನಲ್ಲಿ ಅದು 120ರಿಂದ 150ರಲ್ಲಿ ಓಡುತ್ತದೆ. ಅದಕ್ಕಿಂತ ಜಾಸ್ತಿ ಓಡಿಸುವ ಆಸೆ ನನಗಂತೂ ಇಲ್ಲ.

ನಾವಿರೋದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ, ಎನ್‌ಟಿಟಿಎಫ್ ಸರ್ಕಲ್‌ನಿಂದ ಒಳಗೆ. ಬಾಟಲಿ, ಜಾರ್, ಡಬ್ಬಿಗಳ ಮೈಗೆ ಬಿಸಿ ತಾಗಿಸಿ ಕೂರಿಸುವ ಪ್ಲಾಸ್ಟಿಕ್ ಸ್ಲೀವ್ ಲೇಬಲ್ ಮಾಡಿಕೊಡುತ್ತೇವೆ. ಬಿಸಿ ತಾಗಿದರೆ ಸ್ಲೀವ್ ಕುಗ್ಗಿ ಮೈಗೆ ಬಿಗಿಯಾಗುತ್ತದೆ, ನಾವು ಅದನ್ನು ಸುಕ್ಕೋದು ಅನ್ನುತ್ತೇವೆ. ಪ್ರಿಂಟಿಂಗ್ ನಮ್ಮದಲ್ಲ. ಪ್ರಿಂಟ್ ಆದ ಫಿಲ್ಮ್ ರೋಲ್ ಹೊರಗಿನಿಂದ ಬರುತ್ತದೆ. ಅದನ್ನು ಅಳತೆಗೆ ಸೀಳಿಸಿ, ಕೊಳವೆಯ ಹಾಗೆ ಮಡಚಿ, ಅಂಚಿನ ಮೇಲೆ ಅಂಚು ಅಂಟಿಸಿ, ಬೇಕಾದ ಉದ್ದಕ್ಕೆ ಕತ್ತರಿಸಿ ಕೊಡೋದು ನಮ್ಮ ಕೆಲಸ. ಹಾಗೆ ಅಂಟಿಸಿದ ಜೋಡಣೆಯೇ ಸೀಮ್. ನಾನು ಕೊಂಡದ್ದು ಮೂರು ಸಾಮಾನು. ಅಂಚು ಅಂಟಿಸುವ ಸೀಮಿಂಗ್ ಮಷೀನ್, ಕತ್ತರಿಸುವ ಕಟಿಂಗ್ ಮಷೀನ್, ಜೊತೆಗೆ 'ಫ್ರೀ' ಅಂತ ಬಂದ ಒಂದು ಪುಟ್ಟ ಹಾಟ್ ಏರ್ ಟನಲ್, ಅಂದರೆ ಸ್ಲೀವ್ ಹಾಕಿದ ಬಾಟಲಿಯನ್ನು ಒಳಗೆ ಹಾಯಿಸಿ ಬಿಸಿ ಗಾಳಿಯಿಂದ ಸುಕ್ಕಿಸುವ ಪೆಟ್ಟಿಗೆ. ತಯಾರಕರು ಅಹಮದಾಬಾದ್ ಕಡೆಯವರು. ಹೆಸರು ಹಾಕುವುದಿಲ್ಲ. ಹೊಗಳಿದರೆ ಕಮಿಷನ್ ತಗೊಂಡಿದ್ದಾಳೆ ಅನ್ನುತ್ತೀರಿ, ಬೈದರೆ ಅವರು ಸ್ಪೇರ್ ಪಾರ್ಟ್ ಕೊಡುವುದಿಲ್ಲ. ಬೆಲೆಯನ್ನೂ ಬರೆಯುವುದಿಲ್ಲ. ಈ ವ್ಯಾಪಾರದಲ್ಲಿ ಇಬ್ಬರು ಗಿರಾಕಿಗಳಿಗೆ ಒಂದೇ ಬೆಲೆ ಹೇಳಿದ್ದನ್ನು ನಾನು ನೋಡಿಲ್ಲ.

ನಮ್ಮ ಗಿರಾಕಿಗಳು ದೊಡ್ಡ ಕಂಪನಿಯವರಲ್ಲ. ಫಿಲ್ಟರ್ ಕಾಫಿ ಡಿಕಾಕ್ಷನ್ ಬಾಟಲಿಗೆ ತುಂಬಿ ಮಾರುವವರಿದ್ದಾರೆ. ಗಾಣದ ಎಣ್ಣೆಯವರು, ತುಪ್ಪದವರು, ಉಪ್ಪಿನಕಾಯಿಯವರು, ತಲೆಗೆ ಹಚ್ಚುವ ಎಣ್ಣೆಯವರು ಇದ್ದಾರೆ. ಇಪ್ಪತ್ತು ಲೀಟರ್ ನೀರಿನ ಕ್ಯಾನಿನ ಬಾಯಿಗೆ ಹಾಕುವ ಸೀಲ್ ಅಂತೂ ವರ್ಷಪೂರ್ತಿ ಹೋಗುತ್ತದೆ. ಬೇಸಿಗೆಯಲ್ಲಿ ಕೇಳಲೇಬೇಡಿ. ಡಿಕಾಕ್ಷನ್ ಬಾಟಲಿ ಫ್ರಿಜ್‌ನಿಂದ ಹೊರಗೆ ಬಂದ ತಕ್ಷಣ ಬೆವರುತ್ತದೆ. ಪೇಪರ್ ಸ್ಟಿಕರ್ ಆ ನೀರಿಗೆ ಮುದುಡಿ ಎದ್ದು ಬರುತ್ತದೆ. ಎಣ್ಣೆ ಬಾಟಲಿಯ ಸ್ಟಿಕರ್ ಕಥೆ ಎಲ್ಲರ ಅಡುಗೆಮನೆಯಲ್ಲೂ ಇದೆ, ಹೇಳಬೇಕಾಗಿಲ್ಲ. ಸ್ಲೀವ್‌ಗೆ ಆ ಕಾಟ ಇಲ್ಲ. ಪ್ರಿಂಟ್ ಫಿಲ್ಮ್‌ನ ಒಳಮೈಯಲ್ಲಿ ಇರುತ್ತದೆ, ಮೇಲೆ ಕೈಯಾಡಿಸಿದರೂ ಎಣ್ಣೆ ಸುರಿದರೂ ಬಣ್ಣಕ್ಕೆ ಏನೂ ಆಗುವುದಿಲ್ಲ. ಹಾಗಾಗಿ ಸಣ್ಣವರೂ ಈಗ ಸ್ಲೀವ್ ಕೇಳುತ್ತಾರೆ. ಆದರೆ ಅವರು ಕೇಳುವುದು ಸಣ್ಣ ಆರ್ಡರ್. ಒಂದೇ ದಿನದಲ್ಲಿ ನಾಲ್ಕು ಸೈಜ್ ಬದಲಾಯಿಸಬೇಕಾಗುತ್ತದೆ. ನನ್ನ ರಿವ್ಯೂ ಈ ತರಹದ ಕೆಲಸಕ್ಕೆ ಮಾತ್ರ. ತಂಪು ಪಾನೀಯದ ಫ್ಯಾಕ್ಟರಿಗೆ ತಿಂಗಳಿಗೆ ಲಾರಿಗಟ್ಟಲೆ ಸ್ಲೀವ್ ಕೊಡುವವರು ಇದನ್ನು ಓದಿ ಪ್ರಯೋಜನವಿಲ್ಲ.

ಡೆಮೋ ಬಗ್ಗೆ ಒಂದು ಮಾತು. ಬೆಂಗಳೂರಿನ ಏಜೆಂಟ್ ಶೆಡ್‌ಗೆ ಬಂದವರೇ ಕೇಳಿದ್ದು, "ಸರ್ ಇಲ್ವಾ ಮೇಡಂ?" ಸರ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ, ಸೀಮಿಂಗ್ ಅಂದರೆ ಅವರಿಗೆ ಹೊಲಿಗೆ ಅಂದೆ. ಆಮೇಲೆ ಮಾತು ಸರಿಯಾಯಿತು. ಡೆಮೋಗೆ ಅವರು ತಂದದ್ದು ಪ್ರಿಂಟ್ ಇಲ್ಲದ ಸಾದಾ ಪಿವಿಸಿ ಫಿಲ್ಮ್, ಅದೂ ಅಗಲದ್ದು. ಅಂಥ ಫಿಲ್ಮ್ ಮೇಲೆ ಯಾವ ಮಷೀನ್ ಆದರೂ 300ರಲ್ಲಿ ಓಡುತ್ತದೆ. ಇಂಕ್ ಇಲ್ಲ, ಪ್ರಿಂಟ್ ಸರಿಯಾದ ಜಾಗಕ್ಕೆ ಕೂರಬೇಕಾಗಿಲ್ಲ, ಅಂಚು ಒಂದು ಮಿಲಿಮೀಟರ್ ಆಚೀಚೆ ಹೋದರೂ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಗಿರಾಕಿಯ ಪ್ರಿಂಟ್ ಆದ ಫಿಲ್ಮ್ ಹಾಕಿ ಓಡಿಸಿ ಅಂದೆ. ಸ್ಪೀಡ್ ಇಳಿಯುತ್ತಾ ಇಳಿಯುತ್ತಾ 140ಕ್ಕೆ ಬಂತು. ಅಲ್ಲಿ ಸೀಮ್ ಚೆನ್ನಾಗಿ ಬಂತು. ನಾನು ದುಡ್ಡು ಕೊಟ್ಟದ್ದು ಆ 140ಕ್ಕೆ.

ಈಗ ಸೀಮ್ ವಿಷಯಕ್ಕೆ ಬರೋಣ. ಈ ಮಷೀನ್‌ನ ಒಳ್ಳೆಯದು ಕೆಟ್ಟದ್ದು ಎರಡೂ ಅಲ್ಲೇ ಇದೆ.

ಲೆಕ್ಕ ಹೀಗೆ. ನಿಮ್ಮ ಬಾಟಲಿಯ ದಪ್ಪ ಭಾಗದ ವ್ಯಾಸ 65 ಮಿಲಿಮೀಟರ್ ಅಂದುಕೊಳ್ಳಿ. ಸುತ್ತಳತೆ 204 ಆಗುತ್ತದೆ. ಸ್ಲೀವನ್ನು ಚಪ್ಪಟೆ ಮಾಡಿ ಮಲಗಿಸಿದಾಗ ಅಗಲ ಅದರ ಅರ್ಧ, ಅಂದರೆ 102. ಬಾಟಲಿಗೆ ಸಲೀಸಾಗಿ ಇಳಿಯಲು ಎರಡು ಮೂರು ಮಿಲಿಮೀಟರ್ ಸೇರಿಸಿ 105. ಇದನ್ನು ಲೇ ಫ್ಲಾಟ್ ಅನ್ನುತ್ತೇವೆ. ಹಾಗಾದರೆ ಫಿಲ್ಮ್ ಸೀಳಬೇಕಾದ ಅಗಲ 105ರ ಎರಡರಷ್ಟು 210, ಮೇಲೆ ಅಂಚಿನ ಮೇಲೆ ಅಂಚು ಕೂರಲು ಇನ್ನೊಂದು ಐದು. ಒಟ್ಟು 215. ಈ ಐದು ಮಿಲಿಮೀಟರ್‌ನಲ್ಲೇ ನಮ್ಮ ಅನ್ನ ಇರೋದು. ಅಷ್ಟು ಜಾಗದಲ್ಲಿ ಫಿಲ್ಮ್ ಮೇಲೆ ಇಂಕ್ ಇರಬಾರದು. ಇಂಕ್ ಇದ್ದರೆ ಅಂಟಿಸಲು ಹಾಕುವ ಸಾಲ್ವೆಂಟ್, ಅಂದರೆ ಕರಗಿಸುವ ದ್ರವ, ಪ್ಲಾಸ್ಟಿಕ್ಕನ್ನು ಮುಟ್ಟುವುದಿಲ್ಲ, ಅಂಟು ನಿಲ್ಲುವುದಿಲ್ಲ. ಡಿಸೈನ್ ಮಾಡುವ ಹುಡುಗರು ಕಂಪ್ಯೂಟರ್‌ನಲ್ಲಿ ಚಂದ ಕಾಣಲಿ ಅಂತ ಬಣ್ಣವನ್ನು ಅಂಚಿನವರೆಗೂ ಎಳೆದುಬಿಡುತ್ತಾರೆ. ಆಮೇಲೆ ಅದನ್ನು ನಾವು ಅಂಟಿಸಬೇಕು.

ಅಂಟಿಸೋದು ಗೋಂದಿನಿಂದ ಅಲ್ಲ. ಟಿಎಚ್‌ಎಫ್ ಅನ್ನುವ ಸಾಲ್ವೆಂಟ್. ಪೂರ್ತಿ ಹೆಸರು ಟೆಟ್ರಾಹೈಡ್ರೋಫ್ಯೂರಾನ್. ಅದು ಪಿವಿಸಿಯ ಮೇಲ್ಮೈಯನ್ನು ಕರಗಿಸುತ್ತದೆ. ಕರಗಿದ ಎರಡು ಮೈಗಳನ್ನು ರೋಲರ್ ಒತ್ತುತ್ತದೆ. ಸಾಲ್ವೆಂಟ್ ಆರಿಹೋಗುತ್ತದೆ, ಎರಡು ಪದರ ಒಂದೇ ಆಗುತ್ತದೆ. ಪಿಇಟಿಜಿ ಅನ್ನುವ, ಪೆಟ್ ಜಾತಿಯ ಪ್ಲಾಸ್ಟಿಕ್ ಫಿಲ್ಮ್‌ಗೆ ಟಿಎಚ್‌ಎಫ್ ಜೊತೆಗೆ ಡಯಾಕ್ಸೊಲೇನ್ ಅನ್ನುವ ಇನ್ನೊಂದು ಸಾಲ್ವೆಂಟ್ ಬೆರೆಸಿದ ಮಿಶ್ರಣ ಬಳಸುವವರೇ ಜಾಸ್ತಿ. ಸಾಲ್ವೆಂಟ್ ಸುರಿಯೋದು ಒಂದು ಸಣ್ಣ ಸೂಜಿಯಿಂದ. ಎಷ್ಟು ಸುರಿಯಬೇಕು ಅನ್ನೋದು ಸ್ಪೀಡ್ ಜೊತೆಗೆ ಬದಲಾಗಬೇಕು. ಇಲ್ಲಿ ಈ ಮಷೀನ್‌ಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಅದರ ಪಂಪ್ ಸ್ಪೀಡ್ ಏರಿದಂತೆ ತಾನೇ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಇದಕ್ಕಿಂತ ಕಡಿಮೆ ಬೆಲೆಯ ಒಂದು ಮಷೀನನ್ನು ಕಾಮಾಕ್ಷಿಪಾಳ್ಯದ ಕಡೆ ನೋಡಿದ್ದೆ. ಅದರಲ್ಲಿ ಆಪರೇಟರ್ ಕೈಯಿಂದ ನಾಬ್ ತಿರುಗಿಸುತ್ತಾ ಕೂತಿದ್ದ. ಮಷೀನ್ ಶುರುವಾಗಿ ಸ್ಪೀಡ್ ಹಿಡಿಯುವ ಹೊತ್ತಿಗೆ ಮೂವತ್ತು ನಲವತ್ತು ಮೀಟರ್ ಫಿಲ್ಮ್ ಕಸಕ್ಕೆ ಹೋಗುತ್ತಿತ್ತು. ಸಣ್ಣ ಆರ್ಡರ್ ಮಾಡುವವರಿಗೆ ಅದು ಭಾರಿ ನಷ್ಟ. ದಿನಕ್ಕೆ ಹತ್ತಾರು ಸಲ ನಿಲ್ಲಿಸಿ ಶುರು ಮಾಡುವ ನಮಗೆ 300ರ ಸ್ಪೀಡ್ ಏನೂ ಕೊಡುವುದಿಲ್ಲ, ಈ ಪಂಪ್ ಎಲ್ಲವನ್ನೂ ಕೊಡುತ್ತದೆ.

ಸಾಲ್ವೆಂಟ್ ಕಡಿಮೆಯಾದರೆ ಸೀಮ್ ಗಿರಾಕಿಯ ಟನಲ್‌ನಲ್ಲಿ ಬಿಚ್ಚಿಕೊಳ್ಳುತ್ತದೆ. ಜಾಸ್ತಿಯಾದರೆ ಇನ್ನೂ ಕೆಟ್ಟದ್ದು. ಅದು ಅಂಚಿನಿಂದ ಒಳಗೆ ಹರಿದು ಸ್ಲೀವ್‌ನ ಎದುರು ಗೋಡೆಗೂ ಅಂಟುತ್ತದೆ. ನಾವು ಇದನ್ನು ಬ್ಲಾಕಿಂಗ್ ಅನ್ನುತ್ತೇವೆ. ಸ್ಲೀವ್ ಬಾಯಿಯೇ ಬಿಡುವುದಿಲ್ಲ. ರೋಲ್ ಹೊರಗಿನಿಂದ ನೋಡಲು ಚೆನ್ನಾಗೇ ಇರುತ್ತದೆ, ಗಿರಾಕಿಯ ಹತ್ತಿರ ಹೋಗಿ ಕತ್ತರಿಸಿದ ಮೇಲೆ ಗೊತ್ತಾಗೋದು. ಅದಕ್ಕೇ ಡೆಮೋದಲ್ಲಿ ಸೀಮ್ ಆದ ತುಂಡನ್ನು ಕೈಗೆ ತಗೊಂಡು ಎರಡು ಕೆಲಸ ಮಾಡಿ. ಮೊದಲು ಬೆರಳಿನಿಂದ ಉಜ್ಜಿ ಬಾಯಿ ಬಿಡಿಸಿ, ಸಲೀಸಾಗಿ ತೆರೆಯಬೇಕು. ಆಮೇಲೆ ಸೀಮ್ ಎಳೆದು ಹರಿಯಿರಿ. ಸೀಮ್ ಬಿಚ್ಚಬಾರದು, ಪಕ್ಕದ ಫಿಲ್ಮ್ ಹರಿಯಬೇಕು. ಆದರೆ ಅದೇ ನಿಮಿಷದಲ್ಲಿ ಹರಿದು ನೋಡಿ ತೀರ್ಮಾನ ಮಾಡಬೇಡಿ. ಸಾಲ್ವೆಂಟ್ ಪೂರ್ತಿ ಆರಲು ಸಮಯ ಬೇಕು. ನಾವು ಸೀಮ್ ಆದ ರೋಲನ್ನು ಒಂದು ರಾತ್ರಿ ಹಾಗೇ ಇಟ್ಟು ಮರುದಿನ ಕತ್ತರಿಸುತ್ತೇವೆ. ಅರ್ಜೆಂಟ್ ಅಂತ ಬರುವ ಗಿರಾಕಿಗಳಿಗೆ ಇದನ್ನು ಅರ್ಥ ಮಾಡಿಸೋದೇ ಒಂದು ಪಾಡು.

ಮಳೆಗಾಲದಲ್ಲಿ ಇನ್ನೊಂದು ತಂಟೆ. ಟಿಎಚ್‌ಎಫ್ ಮೇಲ್ಮೈಯಲ್ಲಿ ಬೇಗ ಆರುತ್ತದೆ, ಆರುವಾಗ ಫಿಲ್ಮ್ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ಜಾಗಕ್ಕೆ ನೀರು ಕೂತು ಸೀಮ್ ಬೆಳ್ಳಗೆ ಮಂಜಾಗುತ್ತದೆ. ಪಾರದರ್ಶಕ ಸ್ಲೀವ್‌ನಲ್ಲಿ ಎದ್ದು ಕಾಣುತ್ತದೆ. ಇದು ಮಷೀನ್ ತಪ್ಪಲ್ಲ, ಯಾವ ಮಷೀನ್‌ಗೂ ಇದ್ದದ್ದೇ. ಕೋಣೆಯ ತೇವ ಕಡಿಮೆ ಮಾಡಬೇಕು, ಇಲ್ಲಾಂದ್ರೆ ಸ್ಪೀಡ್ ಇಳಿಸಿ ಸಾಲ್ವೆಂಟ್ ಕಡಿಮೆ ಹಾಕಬೇಕು.

ಫಿಲ್ಮನ್ನು ಕೊಳವೆಯಾಗಿ ಮಡಚುವ ಭಾಗ, ಅದಕ್ಕೆ ಫಾರ್ಮಿಂಗ್ ಪ್ಲೇಟ್ ಅನ್ನುತ್ತಾರೆ, ಅದು ನನಗೆ ಸಿಟ್ಟು ತರಿಸಿದ ಭಾಗ. ಕಂಪನಿಯಿಂದ ಬಂದ ಪ್ಲೇಟ್‌ಗಳ ಅಂಚು ಒರಟಾಗಿತ್ತು. 40 ಮೈಕ್ರಾನ್ ದಪ್ಪದ ಫಿಲ್ಮ್ ಮೇಲೆ ಉದ್ದಕ್ಕೂ ಒಂದು ಗೀರು ಬೀಳುತ್ತಿತ್ತು. 50 ಮೈಕ್ರಾನ್ ಆದರೆ ಅಷ್ಟು ಕಾಣುವುದಿಲ್ಲ. ಏಜೆಂಟ್‌ಗೆ ಫೋನ್ ಮಾಡಿದರೆ "50 ಮೈಕ್ರಾನೇ ಬಳಸಿ ಮೇಡಂ" ಅನ್ನುವ ಉತ್ತರ. ಫಿಲ್ಮ್ ತೂಕದ ಲೆಕ್ಕದಲ್ಲಿ ಬರುತ್ತದೆ. ಹತ್ತು ಮೈಕ್ರಾನ್ ಜಾಸ್ತಿ ಅಂದರೆ ಅಷ್ಟು ದುಡ್ಡು ಜಾಸ್ತಿ, ಅದನ್ನು ಯಾರು ಕೊಡುತ್ತಾರೆ? ಕೊನೆಗೆ ನಮ್ಮ ರಸ್ತೆಯ ಎರಡು ಶೆಡ್ ಆಚೆ ಇರುವ ಟೂಲ್ ರೂಮಿನವರು ಆ ಪ್ಲೇಟ್ ನೋಡಿ ನಕ್ಕರು. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಹೊಸದು ಮಾಡಿ, ಅಂಚು ದುಂಡಗೆ ಮಾಡಿ, ಕನ್ನಡಿಯಂತೆ ಪಾಲಿಶ್ ಹೊಡೆದು ಕೊಟ್ಟರು. ಈಗ ನಮ್ಮ ಎಲ್ಲ ಸೈಜಿನ ಪ್ಲೇಟೂ ಅವರದ್ದೇ. ಪೀಣ್ಯದಲ್ಲಿ ಮಷೀನ್ ಇಟ್ಟುಕೊಳ್ಳುವುದರ ಲಾಭ ಇದು. ಸಾಣೆ ಹಿಡಿಯುವವರು, ಗೇರ್ ಕೊರೆಯುವವರು, ಕ್ರೋಮ್ ಹಾಕುವವರು ಎಲ್ಲರೂ ನಡೆದು ಹೋಗುವಷ್ಟು ಹತ್ತಿರ. ಇದೇ ಮಷೀನ್ ಬೇರೆ ಊರಲ್ಲಿದ್ದಿದ್ದರೆ ನಾನು ಒಂದು ಸ್ಟಾರ್ ಕಡಿಮೆ ಕೊಡುತ್ತಿದ್ದೆ.

ಫಿಲ್ಮ್ ಅಂಚನ್ನು ನೇರವಾಗಿ ಇಡುವ ವೆಬ್ ಗೈಡ್ ಚೆನ್ನಾಗಿದೆ. ಆದರೆ ಸೆನ್ಸರ್ ಪಾರದರ್ಶಕ ಫಿಲ್ಮ್ ಅಂಚನ್ನು ಕೆಲವೊಮ್ಮೆ ಗುರುತಿಸುವುದಿಲ್ಲ. ಬೆಳಕಿನ ಬದಲು ಶಬ್ದದ ಅಲೆಯಿಂದ ಅಂಚು ಗುರುತಿಸುವ ಅಲ್ಟ್ರಾಸೋನಿಕ್ ಸೆನ್ಸರ್ ಹಾಕಿಸಿಕೊಳ್ಳಿ, ಬೇಕಿದ್ದರೆ ಅದಕ್ಕೆ ಬೇರೆ ದುಡ್ಡು ಕೊಡಿ. ಸುತ್ತುವ ಕಡೆ ರೋಲ್ ಎಡಕ್ಕೂ ಬಲಕ್ಕೂ ನಿಧಾನವಾಗಿ ಅಲ್ಲಾಡುತ್ತಾ ಸುತ್ತಬೇಕು. ಸೀಮ್ ಇರುವ ಜಾಗ ಬೇರೆ ಕಡೆಗಿಂತ ಒಂದು ಪದರ ಜಾಸ್ತಿ ದಪ್ಪ. ಅಲ್ಲಾಡದೆ ಸುತ್ತಿದರೆ ಆ ದಪ್ಪ ಒಂದರ ಮೇಲೊಂದು ಕೂತು ರೋಲ್ ಮೇಲೆ ಏಣು ಏಳುತ್ತದೆ, ಅಲ್ಲಿ ಫಿಲ್ಮ್ ಎಳೆದುಕೊಂಡು ಹಾಳಾಗುತ್ತದೆ. ಈ ಮಷೀನ್‌ನಲ್ಲಿ ಆ ವ್ಯವಸ್ಥೆ ಇದೆ, ಚೆನ್ನಾಗೇ ಕೆಲಸ ಮಾಡುತ್ತದೆ. ಫಿಲ್ಮ್‌ನ ಬಿಗಿ ನೋಡಿಕೊಳ್ಳುವ ಟೆನ್ಷನ್ ಕಂಟ್ರೋಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಸರಿ ಇದೆ.

ಕರೆಂಟ್ ವಿಷಯ ಹೇಳಲೇಬೇಕು. ನಮ್ಮ ಕಡೆ ಕರೆಂಟ್ ಹೋದರೆ ಹೋಯಿತು ಅನ್ನಬಹುದು, ಆದರೆ ಅರೆಕ್ಷಣ ಮಿಣುಕಿ ಮತ್ತೆ ಬರುವುದಿದೆ ನೋಡಿ, ಅದು ತೊಂದರೆ. ಮಷೀನ್ ನಿಲ್ಲುತ್ತದೆ. ಆದರೆ ಸೂಜಿಯಲ್ಲಿ ಉಳಿದಿದ್ದ ಸಾಲ್ವೆಂಟ್ ಹನಿ ಹನಿಯಾಗಿ ನಿಂತ ಫಿಲ್ಮ್ ಮೇಲೆ ಬೀಳುತ್ತದೆ. ಆ ಜಾಗ ಕರಗಿ ಗಂಟಾಗುತ್ತದೆ, ಮತ್ತೆ ಶುರು ಮಾಡಿದಾಗ ಅಲ್ಲೇ ಹರಿಯುತ್ತದೆ. ಮಷೀನ್ ನಿಂತ ಕೂಡಲೇ ಸೂಜಿ ಫಿಲ್ಮ್‌ನಿಂದ ಪಕ್ಕಕ್ಕೆ ಸರಿಯಬೇಕು. ಇದರಲ್ಲಿ ಸರಿಯುತ್ತದೆ, ಆದರೆ ಕರೆಂಟ್ ಇದ್ದರೆ ಮಾತ್ರ! ಇದನ್ನು ಯಾವ ಬುದ್ಧಿವಂತರು ಯೋಚಿಸಿದರೋ ಗೊತ್ತಿಲ್ಲ. ನಮ್ಮ ಆಪರೇಟರ್ ಶಿರಾ ಕಡೆಯ ಹುಡುಗ. ಅವನು ಸೂಜಿ ಸರಿಸುವ ಗಾಳಿಯ ಸಿಲಿಂಡರ್‌ಗೆ ಸ್ಪ್ರಿಂಗ್ ಹಾಕಿಸಿ, ಕರೆಂಟ್ ಹೋದರೆ ತಾನೇ ಸರಿಯುವ ಹಾಗೆ ಮಾಡಿಸಿದ. ಇಷ್ಟು ಸಣ್ಣ ವಿಷಯ ಕಂಪನಿಯಿಂದಲೇ ಬರಬೇಕಿತ್ತು ಅಲ್ವಾ? ಅವರಿಗೆ ಫೋಟೋ ಕಳಿಸಿದೆ. ಮುಂದಿನ ಮಷೀನ್‌ಗಳಿಗೆ ಹಾಕುತ್ತೇವೆ ಅಂದರು. ಹಾಕಿದ್ದಾರಾ ಅಂತ ಕೊಳ್ಳುವಾಗ ನೀವೇ ಕೇಳಿ ನೋಡಿ.

ಬೆಂಕಿಯ ಬಗ್ಗೆ ಸುಮ್ನೆ ಒಂದು ಸಾಲು ಬರೆದು ಬಿಡುವ ಹಾಗಿಲ್ಲ. ಟಿಎಚ್‌ಎಫ್ ಕುದಿಯೋದು 66 ಡಿಗ್ರಿಗೆ. ಆದರೆ ಅದರ ಆವಿ ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡು ಹೋಗುತ್ತದೆ. ಹಾಗಾಗಿ ಮೇಲೆ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಲದು, ನೆಲದ ಮಟ್ಟದಲ್ಲಿ ಎಳೆಯಬೇಕು. ಪ್ಲಾಸ್ಟಿಕ್ ಫಿಲ್ಮ್ ವೇಗವಾಗಿ ಬಿಚ್ಚಿಕೊಳ್ಳುವಾಗ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ. ಬೆಂಗಳೂರಿನ ಫೆಬ್ರವರಿ, ಮಾರ್ಚ್‌ನ ಒಣ ಗಾಳಿಯಲ್ಲಂತೂ ಕೈ ಹಾಕಿದರೆ ಚಟ್ ಅನ್ನುತ್ತದೆ. ಒಂದು ಕಡೆ ಸುಲಭವಾಗಿ ಹೊತ್ತುವ ಆವಿ, ಇನ್ನೊಂದು ಕಡೆ ಕಿಡಿ. ಆ ಸ್ಟ್ಯಾಟಿಕ್ ತೆಗೆಯುವ ಆಂಟಿ ಸ್ಟ್ಯಾಟಿಕ್ ಬಾರ್ ಈ ಮಷೀನ್‌ಗೆ ಒಂದೇ ಕೊಟ್ಟಿದ್ದಾರೆ, ಬಿಚ್ಚುವ ಕಡೆ. ಸುತ್ತುವ ಕಡೆಗೂ ಬೇಕು. ಸೂಜಿಯ ಹತ್ತಿರ ಇರುವ ಮೋಟಾರ್, ಲೈಟ್ ಎಲ್ಲ ಒಳಗಿನ ಬೆಂಕಿ ಹೊರಗೆ ಬಿಡದ ಫ್ಲೇಮ್‌ಪ್ರೂಫ್ ಇರಲಿ ಅಂತ ಆರ್ಡರ್‌ನಲ್ಲೇ ಬರೆಸಿ. ಸಾಲ್ವೆಂಟ್ ಡ್ರಮ್ ವರ್ಷಗಟ್ಟಲೆ ಇಡಬೇಡಿ. ತೆರೆದ ಡ್ರಮ್ ಗಾಳಿ ಸೇರಿ ಹಳೆಯದಾದರೆ ಒಳಗೆ ಪೆರಾಕ್ಸೈಡ್ ಹುಟ್ಟುತ್ತದೆ, ಅದು ಸಿಡಿಯುವ ವಸ್ತು. ಬೇಕಾದಷ್ಟು ಮಾತ್ರ ತರಿಸಿ, ತಂದ ದಿನಾಂಕ ಡ್ರಮ್ ಮೇಲೆ ಬರೆಯಿರಿ. ಏಜೆಂಟ್ ಇದರಲ್ಲಿ ಒಂದನ್ನೂ ಹೇಳಲಿಲ್ಲ. ಮಷೀನ್ ಕೂರಿಸಲು ಬಂದ ಎಂಜಿನಿಯರ್ ಮಾತ್ರ, ಚಹಾ ಕುಡಿಯುತ್ತಾ, ಬೀಡಿ ಸೇದುವ ಸೆಕ್ಯೂರಿಟಿಯವರನ್ನು ಗೇಟಿನಾಚೆಗೆ ಕಳಿಸಿ ಅಂದರು. ಅವರಿಗೆ ಪುಣ್ಯ ಬರಲಿ.

ಕಟಿಂಗ್ ಮಷೀನ್ ಬಗ್ಗೆ ದೂರೇ ಇಲ್ಲ. ಸರ್ವೋ ಮೋಟಾರ್ ಫಿಲ್ಮ್ ಎಳೆಯುತ್ತದೆ, ಎಲ್ಲಿ ಕತ್ತರಿಸಬೇಕು ಅಂತ ಪ್ರಿಂಟ್‌ನಲ್ಲಿರುವ ಗುರುತನ್ನು, ಅಂದರೆ ಐ ಮಾರ್ಕನ್ನು, ಸೆನ್ಸರ್ ನೋಡುತ್ತದೆ, ಬ್ಲೇಡ್ ಬೀಳುತ್ತದೆ. ಉದ್ದ ಬದಲಾಯಿಸಲು ಸ್ಕ್ರೀನ್ ಮೇಲೆ ನಂಬರ್ ಒತ್ತಿದರೆ ಸಾಕು. ಪರ್ಫೊರೇಷನ್, ಅಂದರೆ ಸುಲಭವಾಗಿ ಹರಿಯಲು ಹಾಕುವ ತೂತಿನ ಸಾಲು, ಅದರಲ್ಲೇ ಬರುತ್ತದೆ, ನೀರಿನ ಕ್ಯಾನ್ ಸೀಲ್‌ಗೆ ಅದೇ ಮುಖ್ಯ. ಗಿರಾಕಿ ಮನೆಯಲ್ಲಿ ಉಗುರಿನಿಂದ ಎಳೆದರೆ ಸೀಲ್ ಹರಿಯಬೇಕು, ಆದರೆ ಆಟೋದಲ್ಲಿ ಕುಲುಕಿದಾಗ ಹರಿಯಬಾರದು. ತೂತಿನ ಬ್ಲೇಡ್‌ಗಳ ಹಲ್ಲಿನ ಅಂತರ ಬೇರೆ ಬೇರೆ ಕೊಟ್ಟಿದ್ದಾರೆ, ನೋಡಿ ಆರಿಸಿಕೊಳ್ಳಬಹುದು. ಐ ಮಾರ್ಕ್ ಹಿನ್ನೆಲೆಗಿಂತ ತೀರಾ ಬೇರೆ ಬಣ್ಣದಲ್ಲಿರಲಿ, ಅಷ್ಟೇ. ಹಳದಿ ಮೇಲೆ ಬಿಳಿ ಮಾರ್ಕ್ ಹಾಕಿ ಕಳಿಸಿದ ತುಪ್ಪದವರ ಫಿಲ್ಮ್ ನೆನಪಾದರೆ ಈಗಲೂ ತಲೆನೋವು.

ಇನ್ನು ಆ ಫ್ರೀ ಟನಲ್. ಬೇಡ. ಫ್ರೀ ಕೊಟ್ಟರೂ ಬೇಡ, ಅದರ ಬದಲು ಎರಡು ಫಾರ್ಮಿಂಗ್ ಪ್ಲೇಟ್ ಜಾಸ್ತಿ ಕೇಳಿ. ಬಿಸಿ ಗಾಳಿ ಎರಡು ಪಕ್ಕದಿಂದ ಬೀಸುತ್ತದೆ, ಬಾಟಲಿ ನಡುವೆ ನೇರ ಹೋಗುತ್ತದೆ, ತಿರುಗುವುದಿಲ್ಲ. ಗಾಳಿ ತಾಗಿದ ಕಡೆ ಫಿಲ್ಮ್ ಮೊದಲೇ ಸುಕ್ಕುತ್ತದೆ, ಮುಂದೆ ಹಿಂದೆ ಸಡಿಲ ಉಳಿಯುತ್ತದೆ. ಬಾಟಲಿ ಸೊಂಟದಲ್ಲಿ ಬಾವು ಬಂದ ಹಾಗೆ ಕಾಣುತ್ತದೆ. ಸ್ಟೀಮ್ ಟನಲ್‌ನಲ್ಲಿ ಹೀಗಾಗುವುದಿಲ್ಲ. ಹಬೆ ಬಾಟಲಿಯ ಸುತ್ತ ಎಲ್ಲ ಕಡೆ ಒಂದೇ ಸಮ ತಾಗುತ್ತದೆ, ಕಡಿಮೆ ಬಿಸಿಯಲ್ಲೇ ಕೆಲಸ ಮುಗಿಯುತ್ತದೆ. ಆದರೆ ಅದಕ್ಕೆ ಬಾಯ್ಲರ್ ಬೇಕು. ಒಳಗೆ ಹೋದ ಬಾಟಲಿ ಒದ್ದೆಯಾಗಿ ಬರುತ್ತದೆ. ಸಾಂಬಾರ್ ಪುಡಿ, ರಸಂ ಪುಡಿ ಡಬ್ಬಿಯವರು ಹಬೆ ಅಂದರೆ ಹೆದರುತ್ತಾರೆ, ಅದೂ ಸರಿಯೇ. ಅಂಥವರಿಗೆ ಬಾಟಲಿಯನ್ನು ತಿರುಗಿಸುತ್ತಾ ಸಾಗಿಸುವ ಹಾಟ್ ಏರ್ ಟನಲ್ ಬೇಕು, ಅದು ಫ್ರೀ ಬರುವುದಿಲ್ಲ.

ಟನಲ್‌ಗೆ ಸೇರಿದ ಒಂದು ವಿಷಯ, ಹೊಸಬರಿಗೆ ಉಪಯೋಗವಾಗುತ್ತದೆ. ಸ್ಲೀವ್ ಸುಕ್ಕೋದು ಅಡ್ಡಕ್ಕೆ, ಬಾಟಲಿಯ ಸುತ್ತ. ಉದ್ದಕ್ಕೆ ಸುಕ್ಕೋದು ತುಂಬ ಕಡಿಮೆ. ಹಾಗಾಗಿ ಬಾಟಲಿ ಕತ್ತಿನ ಹತ್ತಿರ ಪ್ರಿಂಟ್ ಆದ ದುಂಡನೆಯ ಆಕಾರ ಉದ್ದನೆಯ ಮೊಟ್ಟೆಯಾಗುತ್ತದೆ. ಸಸ್ಯಾಹಾರದ ಹಸಿರು ಚುಕ್ಕೆಯನ್ನು ಕತ್ತಿನ ಹತ್ತಿರ ಇಟ್ಟ ಉಪ್ಪಿನಕಾಯಿಯವರೊಬ್ಬರಿಗೆ ಅದನ್ನು ಬಾಟಲಿಯ ನೇರ ಭಾಗಕ್ಕೆ ಇಳಿಸಿ ಅಂತ ಹೇಳಿ ಹೇಳಿ ಸಾಕಾಯಿತು. ಚೌಕದೊಳಗೆ ದುಂಡು ಚುಕ್ಕೆ ಇರಬೇಕು ಅನ್ನೋದು ಕಾನೂನು, ಮೊಟ್ಟೆ ಇರಬೇಕು ಅಂತಲ್ಲ. 2011ರ ಪ್ಯಾಕ್ ಮಾಡಿದ ಸಾಮಾನುಗಳ ನಿಯಮದಲ್ಲಿ ತೂಕ, ಬೆಲೆಯ ಅಂಕಿಗಳ ಎತ್ತರಕ್ಕೂ ಅಳತೆ ಇದೆ. ಅದನ್ನು ಸುಕ್ಕಿದ ಮೇಲೆ ನೋಡಬೇಕು, ಕಂಪ್ಯೂಟರ್ ಸ್ಕ್ರೀನ್ ಮೇಲಲ್ಲ. ಬಾರ್‌ಕೋಡ್ ಗೆರೆಗಳು ಏಣಿಯ ಮೆಟ್ಟಿಲುಗಳಂತೆ ಅಡ್ಡಡ್ಡ ಇರಲಿ. ಆಗ ಸುಕ್ಕಿದರೂ ಗೆರೆ ಗಿಡ್ಡವಾಗುತ್ತದೆಯೇ ಹೊರತು ಗೆರೆಗಳ ನಡುವಿನ ಅಂತರ ಬದಲಾಗುವುದಿಲ್ಲ, ಅಂಗಡಿಯ ಸ್ಕ್ಯಾನರ್ ಓದುತ್ತದೆ. ನಾವು ಹೊಸ ಬಾಟಲಿ ಬಂದರೆ ಮೊದಲು ಚೌಕಗಳ ಗೆರೆ ಹಾಕಿದ ಸಾದಾ ಸ್ಲೀವ್ ಒಂದನ್ನು ಕೂರಿಸಿ ನೋಡುತ್ತೇವೆ. ಎಲ್ಲೆಲ್ಲಿ ಚೌಕ ಎಷ್ಟು ಕೆಡುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಡಿಸೈನ್ ಹುಡುಗರಿಗೆ ಆ ಬಾಟಲಿಯನ್ನೇ ಕೊಟ್ಟು ಕಳಿಸುತ್ತೇವೆ.

ಯಾವ ಫಿಲ್ಮ್ ಓಡುತ್ತದೆ ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ಪಿವಿಸಿ, ಪಿಇಟಿಜಿ ಎರಡೂ ಓಡುತ್ತವೆ. ಪಿವಿಸಿ ಅಗ್ಗ, ಮಷೀನ್‌ಗೂ ಅದೇ ಇಷ್ಟ. ಅದು ನೂರಕ್ಕೆ 50-60ರಷ್ಟು ಸುಕ್ಕುತ್ತದೆ. ಪಿಇಟಿಜಿ 75ರವರೆಗೂ ಹೋಗುತ್ತದೆ. ಮೇಲೆ ಹೇಳಿದ 65 ಮಿಲಿಮೀಟರ್ ಬಾಟಲಿಯನ್ನೇ ತಗೊಳ್ಳಿ. ಅದರ ಕತ್ತು 28 ಮಿಲಿಮೀಟರ್, ಸುತ್ತಳತೆ 88. ಸ್ಲೀವ್ ಸುತ್ತಳತೆ 210 ಇದ್ದದ್ದು 88ಕ್ಕೆ ಬರಬೇಕು, ಅಂದರೆ ನೂರಕ್ಕೆ 58. ಪಿವಿಸಿಗೆ ಅದು ಉಸಿರು ಕಟ್ಟುವ ಕೆಲಸ, ಕತ್ತಿನಲ್ಲಿ ಮಡಿಕೆ ಉಳಿಯುತ್ತದೆ. ಮುಚ್ಚಳದವರೆಗೂ ಸ್ಲೀವ್ ಬೇಕು ಅನ್ನುವ ಡಿಕಾಕ್ಷನ್‌ನವರಿಗೆ ನಾನು ಪಿಇಟಿಜಿಯೇ ಹೇಳುತ್ತೇನೆ. ನೇರ ಜಾರ್‌ಗೆ ಪಿವಿಸಿ ಸಾಕು ಅನ್ನುವವರು ಇದ್ದಾರೆ.

ಆದರೆ ಇನ್ನೊಂದು ಮಗ್ಗುಲೂ ಇದೆ. 2022ರ ಜುಲೈ 1ರಿಂದ ಕೆಲವು ಪ್ಲಾಸ್ಟಿಕ್ ಸಾಮಾನು ನಿಷೇಧವಾದ ಮೇಲೆ, ಪಿವಿಸಿ ಸ್ಲೀವೂ ಬಂದ್ ಅಲ್ವಾ ಮೇಡಂ ಅಂತ ಕೇಳುವವರು ಜಾಸ್ತಿ. ಆ ಪಟ್ಟಿಯಲ್ಲಿ ಪಿವಿಸಿ ಅಂತ ಇದ್ದದ್ದು 100 ಮೈಕ್ರಾನ್‌ಗಿಂತ ತೆಳುವಾದ ಬ್ಯಾನರ್, ಬಾಟಲಿಯ ಲೇಬಲ್ ಅಲ್ಲ. ಹಾಗಂತ ಪಿವಿಸಿ ಒಳ್ಳೆಯದು ಅಂತಲ್ಲ. ಬಾಟಲಿ ಪೆಟ್, ಲೇಬಲ್ ಪಿವಿಸಿ ಆದರೆ ಗುಜರಿಯಲ್ಲಿ ಎರಡನ್ನೂ ಬೇರೆ ಮಾಡೋದು ಕಷ್ಟ. ಪುಡಿ ಮಾಡಿ ನೀರಿಗೆ ಹಾಕಿದರೆ ಮುಚ್ಚಳದ ಚೂರು ತೇಲುತ್ತದೆ, ಇವೆರಡೂ ಮುಳುಗುತ್ತವೆ. ಪೆಟ್ ಕರಗಿಸುವ ಬಿಸಿಯಲ್ಲಿ ಪಿವಿಸಿ ಸುಟ್ಟು ಆಮ್ಲ ಬಿಡುತ್ತದೆ, ಇಡೀ ಮಾಲು ಹಳದಿಗೆ ತಿರುಗುತ್ತದೆ. ಪಿಇಟಿಜಿಯೂ ಮುಳುಗುವುದೇ. ಅದಕ್ಕೇ ನಾವು ಎರಡು ಸಾಲು ತೂತು ಹಾಕಿಕೊಡುತ್ತೇವೆ, ಬಾಟಲಿ ಎಸೆಯುವ ಮುಂಚೆ ಸ್ಲೀವ್ ಎಳೆದು ತೆಗೆಯಲಿ ಅಂತ. ಎಷ್ಟು ಜನ ತೆಗೆಯುತ್ತಾರೋ ದೇವರೇ ಬಲ್ಲ. ನೀರಲ್ಲಿ ತೇಲುವ ಪಾಲಿಯೋಲೆಫಿನ್ ಸ್ಲೀವ್ ಫಿಲ್ಮೂ ಇದೆ. ಅದು ಈ ಮಷೀನ್‌ನಲ್ಲಿ, ಈ ಸಾಲ್ವೆಂಟ್‌ನಲ್ಲಿ ಅಂಟುವುದಿಲ್ಲ. ಮುಂದೆ ಗಿರಾಕಿಗಳು ಅದನ್ನೇ ಕೇಳಿದರೆ ಏನು ಮಾಡಬಹುದು ಅಂತ ಏಜೆಂಟ್‌ಗೆ ಕೇಳಿದೆ. ಹೊಸ ಮಷೀನ್ ಕೊಳ್ಳಿ ಅಂದರು. ಅವರ ಕೆಲಸ ಅವರು ಮಾಡಿದರು.

ಫಿಲ್ಮ್ ಇಡುವ ಜಾಗವೂ ಮಷೀನ್‌ನಷ್ಟೇ ಮುಖ್ಯ. ಇದನ್ನು ಯಾವ ಕೊಟೇಶನ್‌ನಲ್ಲೂ ಬರೆದಿರುವುದಿಲ್ಲ. ಶೀಟ್ ಹಾಕಿದ ಶೆಡ್ ಏಪ್ರಿಲ್‌ನಲ್ಲಿ ಒಲೆ. ಸ್ಲೀವ್ ಫಿಲ್ಮ್ ಬಿಸಿಗೆ ಸುಕ್ಕಲು ಅಂತಲೇ ಹುಟ್ಟಿದ್ದು, ಅದು ರೋಲ್‌ನಲ್ಲಿದ್ದಾಗಲೂ ನಿಧಾನವಾಗಿ ಸುಕ್ಕುತ್ತದೆ. ಲೇ ಫ್ಲಾಟ್ ಒಂದೆರಡು ಮಿಲಿಮೀಟರ್ ಕಡಿಮೆಯಾದರೆ ಸ್ಲೀವ್ ಬಾಟಲಿಗೆ ಇಳಿಯುವುದೇ ಇಲ್ಲ. ಮೇ ತಿಂಗಳಲ್ಲಿ ರಾಯಚೂರಿಗೆ ಲಾರಿಯಲ್ಲಿ ಹೋಗುವ ಮಾಲಿಗೆ ನಾವು ಲೇ ಫ್ಲಾಟ್ ಒಂದು ಮಿಲಿಮೀಟರ್ ಜಾಸ್ತಿ ಇಟ್ಟೇ ಮಾಡುತ್ತೇವೆ. ಶೆಡ್‌ನ ಒಂದು ಮೂಲೆಗೆ ಫಾಲ್ಸ್ ಸೀಲಿಂಗ್, ಎಸಿ ಹಾಕಿಸಿ ರೋಲ್‌ಗಳನ್ನು ಅಲ್ಲೇ ಇಟ್ಟಿದ್ದೇವೆ. ಆ ಖರ್ಚನ್ನೂ ಮಷೀನ್ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಸರ್ವಿಸ್ ಹೇಗೆ ಅಂದರೆ, ಫೋನ್‌ನಲ್ಲಿ ಚೆನ್ನಾಗಿದೆ. ಅಹಮದಾಬಾದಿನ ಎಂಜಿನಿಯರ್ ವಿಡಿಯೋ ಕಾಲ್‌ನಲ್ಲಿ ನಮ್ಮ ಹುಡುಗನಿಗೆ ಹಿಂದಿಯಲ್ಲಿ ಹೇಳುತ್ತಾರೆ, ಅವನು ಕನ್ನಡದಲ್ಲಿ ಬೈದುಕೊಂಡು ಸರಿಮಾಡುತ್ತಾನೆ. ಆದರೆ ಅವರು ಖುದ್ದಾಗಿ ಬರಬೇಕಾದರೆ ವಾರಗಟ್ಟಲೆ ಕಾಯಬೇಕು. ಮೋಟಾರಿನ ಸ್ಪೀಡ್ ನೋಡಿಕೊಳ್ಳುವ ಡ್ರೈವ್ ಕೈಕೊಟ್ಟಾಗ ಅವರಿಗೆ ಕಾಯದೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡ್‌ನಲ್ಲಿ ಹುಡುಕಿಸಿದೆವು, ಸಿಕ್ಕಿತು. ಕಂಪನಿಯವರು ಹೆಸರಾಂತ ಡ್ರೈವ್ ಹಾಕಿದ್ದರಿಂದ ಸಿಕ್ಕಿತು ಅನ್ನಬೇಕು, ಅದು ಅವರ ಒಳ್ಳೆಯತನ. ಕಂಟ್ರೋಲ್ ಪ್ಯಾನಲ್‌ನ ವೈರಿಂಗ್ ಡ್ರಾಯಿಂಗ್ ಮಾತ್ರ ಕೇಳಿ ಕೇಳಿ ಪಡೆಯಬೇಕಾಯಿತು. ಕೊನೆಯ ಕಂತು ಕೊಡುವ ಮುಂಚೆ ಅದನ್ನು ಕೈಗೆ ತಗೊಳ್ಳಿ. ದುಡ್ಡು ಹೋದ ಮೇಲೆ ಡ್ರಾಯಿಂಗ್ ಬರುವುದಿಲ್ಲ.

ನನ್ನ ಅಂಕ: ಸೀಮಿಂಗ್‌ಗೆ ಐದರಲ್ಲಿ ನಾಲ್ಕು, ಕಟಿಂಗ್‌ಗೆ ನಾಲ್ಕೂವರೆ, ಟನಲ್‌ಗೆ ಒಂದು. ಆ ಒಂದು ಕೂಡ ಅದರ ಕನ್ವೇಯರ್ ಬೆಲ್ಟ್‌ಗೆ, ಈಗ ಅದರ ಮೇಲೆ ಪ್ಯಾಕಿಂಗ್ ಮಾಡುತ್ತೇವೆ. ಕೈಯಲ್ಲಿ ಇನ್ನೂ ದುಡ್ಡಿದ್ದರೆ ಜಾಸ್ತಿ ಸ್ಪೀಡಿನ ಸೀಮಿಂಗ್ ಮಷೀನ್‌ಗೆ ಹೋಗಬೇಡಿ. ಸೀಮ್ ಆದ ರೋಲನ್ನು ಮಿಣುಕುವ ಸ್ಟ್ರೋಬ್ ಲೈಟ್ ಕೆಳಗೆ ಬಿಚ್ಚಿ ಪರೀಕ್ಷೆ ಮಾಡಿ ಮತ್ತೆ ಸುತ್ತುವ ಇನ್‌ಸ್ಪೆಕ್ಷನ್ ಮಷೀನ್ ಕೊಳ್ಳಿ. ನಮ್ಮ ಮುಂದಿನ ಖರ್ಚು ಅದೇ. ಮಾದಾವರದ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಪ್ಯಾಕೇಜಿಂಗ್ ಮೇಳ ನಡೆದಾಗ ಹೋಗಿ ನಾಲ್ಕು ಕಡೆಯವರದ್ದು ನೋಡಿ. ಈಗ ಮೆಟ್ರೋ ಅಲ್ಲಿವರೆಗೂ ಇದೆ, ತುಮಕೂರು ರಸ್ತೆಯ ಟ್ರಾಫಿಕ್ ಕಾಟ ಇಲ್ಲ. ಹೋಗುವಾಗ ನಿಮ್ಮದೇ ಪ್ರಿಂಟ್ ಫಿಲ್ಮ್‌ನ ಒಂದು ಸಣ್ಣ ರೋಲ್ ಚೀಲದಲ್ಲಿ ಇಟ್ಟುಕೊಳ್ಳಿ. ಹಾಕಿ ಓಡಿಸಿ ಅಂದಾಗ ಯಾರು ಮುಖ ಸಿಂಡರಿಸುತ್ತಾರೋ ಅವರನ್ನು ಬಿಟ್ಟು ಮುಂದಿನ ಸ್ಟಾಲ್‌ಗೆ ಹೋಗಿ.